ಮತದಾರರ ಪಟ್ಟಿಯಲ್ಲಿ ಸ್ವಂತ ಹೆಸರು: ಪ್ರಥಮ ಮುಖ್ಯ ಚುನಾವಣಾ ಆಯುಕ್ತ ಶ್ರೀ ಸುಕುಮಾರ್ ಸೇನ್ ಅವರ ಜೀವನ

ಭಾರತದ ಪ್ರಥಮ ಮುಖ್ಯ ಚುನಾವಣಾ ಆಯುಕ್ತರಾಗಿ ಸೇವೆ ಸಲ್ಲಿಸಿದವರು ಶ್ರೀ ಸುಕುಮಾರ್ ಸೇನ್. ಸ್ವತಂತ್ರ ಭಾರತದ ಮೊದಲ ಎರಡು ಸಾರ್ವತ್ರಿಕ ಚುನಾವಣೆಗಳು ಅವರ ಮೇಲ್ವಿಚಾರಣೆಯಲ್ಲಿ ನಡೆದವು. ಹೆಸರು ನೋಂದಣಿ, ಕರಡು ಪಟ್ಟಿಯ ಪ್ರಕಟಣೆ, ಹಕ್ಕು ಮತ್ತು ಆಕ್ಷೇಪಣೆಗಳು, ಮತಗಟ್ಟೆ, ಬೆರಳಿನ ಶಾಯಿ ಮುಂತಾದ ಇಂದಿನ ಹಲವು ಕ್ರಮಗಳು ದೇಶದಾದ್ಯಂತ ನೆಲೆಗೊಂಡದ್ದು ಅವರ ಅಧಿಕಾರಾವಧಿಯಲ್ಲಿಯೇ. ವಿಧಾನಸಭಾ ಚುನಾವಣೆಯಲ್ಲಿ ಮತ ಚಲಾಯಿಸಲು ಹೆಸರು ನೋಂದಾಯಿಸಬಯಸುವ ನಾಗರಿಕರ ಮಾಹಿತಿಗಾಗಿ ಅವರ ಜೀವನ ಮತ್ತು ಸೇವೆಯ ವಿವರವನ್ನು ಇಂದಿನ ಕಾರ್ಯವಿಧಾನದೊಂದಿಗೆ ಇಲ್ಲಿ ನೀಡಲಾಗಿದೆ.

ಜನನ, ವಿದ್ಯಾಭ್ಯಾಸ ಮತ್ತು ಆರಂಭಿಕ ಸೇವೆ

ಶ್ರೀ ಸೇನ್ ಅವರು 1890ರ ದಶಕದ ಕೊನೆಯಲ್ಲಿ ಬಂಗಾಳಿ ಕುಟುಂಬವೊಂದರಲ್ಲಿ ಜನಿಸಿದರು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ನಂತರ ಲಂಡನ್ ವಿಶ್ವವಿದ್ಯಾನಿಲಯದಲ್ಲಿಯೂ ವ್ಯಾಸಂಗ ಮಾಡಿದರು. ಗಣಿತಶಾಸ್ತ್ರ ಅವರ ವಿಶೇಷ ಅಧ್ಯಯನದ ವಿಷಯವಾಗಿದ್ದು, ಅದರಲ್ಲಿ ಚಿನ್ನದ ಪದಕವನ್ನು ಪಡೆದಿದ್ದರು. ಅವರ ಸಹೋದರರಾದ ಶ್ರೀ ಅಶೋಕ್ ಕುಮಾರ್ ಸೇನ್ ಅವರು ಮುಂದೆ ಕೇಂದ್ರದ ಕಾನೂನು ಸಚಿವರಾದರು.

1920ರ ದಶಕದ ಆರಂಭದಲ್ಲಿ ಶ್ರೀ ಸೇನ್ ಅವರು ಇಂಡಿಯನ್ ಸಿವಿಲ್ ಸರ್ವಿಸ್‌ಗೆ ಸೇರಿದರು. ಬಂಗಾಳದ ಹಲವು ಜಿಲ್ಲೆಗಳಲ್ಲಿ ಆಡಳಿತಾಧಿಕಾರಿಯಾಗಿಯೂ ನ್ಯಾಯಾಧೀಶರಾಗಿಯೂ ಕಾರ್ಯನಿರ್ವಹಿಸಿದರು. 1947ರಲ್ಲಿ ದೇಶ ವಿಭಜನೆಗೊಂಡು ಪಶ್ಚಿಮ ಬಂಗಾಳ ಪ್ರತ್ಯೇಕ ಪ್ರಾಂತವಾದಾಗ ಅದರ ಮುಖ್ಯ ಕಾರ್ಯದರ್ಶಿಯಾಗಿ ನೇಮಕಗೊಂಡರು. ಆ ಹುದ್ದೆಯಲ್ಲಿದ್ದಾಗಲೇ ಕೇಂದ್ರ ಸರ್ಕಾರವು ಅವರನ್ನು ದೆಹಲಿಗೆ ಕರೆಸಿಕೊಂಡಿತು.

ಮುಖ್ಯ ಚುನಾವಣಾ ಆಯುಕ್ತರಾಗಿ ನೇಮಕ

ಭಾರತದ ಚುನಾವಣಾ ಆಯೋಗವು 1950ರ ಜನವರಿ 25ರಂದು, ಅಂದರೆ ಸಂವಿಧಾನ ಪೂರ್ಣವಾಗಿ ಜಾರಿಗೆ ಬರುವ ಹಿಂದಿನ ದಿನ, ಸ್ಥಾಪನೆಯಾಯಿತು. ಈ ಕಾರಣದಿಂದ 2011ರಿಂದ ಪ್ರತಿ ವರ್ಷ ಜನವರಿ 25ನ್ನು ರಾಷ್ಟ್ರೀಯ ಮತದಾರರ ದಿನವನ್ನಾಗಿ ಆಚರಿಸಲಾಗುತ್ತಿದೆ. ಶ್ರೀ ಸೇನ್ ಅವರು 1950ರ ಮಾರ್ಚ್ 21ರಂದು ಮುಖ್ಯ ಚುನಾವಣಾ ಆಯುಕ್ತರಾಗಿ ಅಧಿಕಾರ ವಹಿಸಿಕೊಂಡರು. ಆಗ ಆಯೋಗದಲ್ಲಿ ಇದ್ದದ್ದು ಅವರೊಬ್ಬರೇ ಆಯುಕ್ತರು.

ಸಂವಿಧಾನದ 326ನೇ ಅನುಚ್ಛೇದವು ವಯಸ್ಕ ಮತದಾನದ ಹಕ್ಕನ್ನು ನೀಡಿತ್ತು. ಆಗ ಮತದಾನದ ವಯಸ್ಸು 21 ವರ್ಷ. ಜಾತಿ, ಧರ್ಮ, ಲಿಂಗ, ಆಸ್ತಿ, ವಿದ್ಯೆ ಯಾವುದೂ ಈ ಹಕ್ಕಿಗೆ ಅಡ್ಡಿಯಾಗಿರಲಿಲ್ಲ. ಆದರೆ ಹಕ್ಕನ್ನು ಚಲಾಯಿಸಲು ಬೇಕಾದ ಮತದಾರರ ಪಟ್ಟಿಯನ್ನು ಸಿದ್ಧಪಡಿಸುವುದು ಸುಲಭದ ಕೆಲಸವಾಗಿರಲಿಲ್ಲ. ಬ್ರಿಟಿಷರ ಕಾಲದ ಪಟ್ಟಿಗಳು ಆಸ್ತಿ, ತೆರಿಗೆ ಅಥವಾ ವಿದ್ಯಾರ್ಹತೆ ಉಳ್ಳವರಿಗೆ ಸೀಮಿತವಾಗಿದ್ದವು. ಎಲ್ಲ ವಯಸ್ಕರನ್ನೂ ಒಳಗೊಂಡ ಪಟ್ಟಿಯ ಸಿದ್ಧತೆಯನ್ನು ಸಂವಿಧಾನ ಸಭೆಯ ಸಚಿವಾಲಯವು 1948ರ ವೇಳೆಗೇ ಆರಂಭಿಸಿತ್ತು. ಅದನ್ನು ಪೂರ್ಣಗೊಳಿಸಿ ಕಾನೂನಿನ ಚೌಕಟ್ಟಿಗೆ ತರುವ ಹೊಣೆ ಶ್ರೀ ಸೇನ್ ಅವರ ಮೇಲೆ ಬಿದ್ದಿತು.

ಪ್ರಧಾನಮಂತ್ರಿ ಶ್ರೀ ಜವಾಹರಲಾಲ್ ನೆಹರೂ ಅವರು 1951ರ ವಸಂತಕಾಲದೊಳಗೆ ಚುನಾವಣೆ ನಡೆಯಬೇಕೆಂದು ಅಪೇಕ್ಷಿಸಿದ್ದರು. ಶ್ರೀ ಸೇನ್ ಅವರು ಸಾಕಷ್ಟು ಕಾಲಾವಕಾಶ ಅಗತ್ಯವೆಂಬ ನಿಲುವನ್ನು ತಳೆದರು. ಮತದಾರರ ಪಟ್ಟಿಗೆ ಸಂಬಂಧಿಸಿದ ಪ್ರಜಾಪ್ರತಿನಿಧಿ ಕಾಯ್ದೆ 1950ರಲ್ಲಿಯೂ ಚುನಾವಣೆ ನಡೆಸುವುದಕ್ಕೆ ಸಂಬಂಧಿಸಿದ ಕಾಯ್ದೆ 1951ರಲ್ಲಿಯೂ ಜಾರಿಗೆ ಬಂದವು. ಈ ಎರಡು ಕಾಯ್ದೆಗಳು, ಹಲವು ತಿದ್ದುಪಡಿಗಳೊಂದಿಗೆ, ಇಂದಿಗೂ ಚುನಾವಣಾ ಕಾರ್ಯಕ್ಕೆ ಆಧಾರವಾಗಿವೆ.

ಪಟ್ಟಿಯ ಸಿದ್ಧತೆ ಮತ್ತು 28 ಲಕ್ಷ ಮಹಿಳೆಯರು

ಪಟ್ಟಿಯನ್ನು ಕ್ಷೇತ್ರವಾರು ಬೆರಳಚ್ಚು ಮಾಡಿ ಜೋಡಿಸಲು ಸುಮಾರು 16,500 ಗುಮಾಸ್ತರನ್ನು ಆರು ತಿಂಗಳ ಅವಧಿಗೆ ನೇಮಿಸಿಕೊಳ್ಳಲಾಯಿತು. ಮುದ್ರಣಕ್ಕೆ ಸುಮಾರು 3,80,000 ರೀಮುಗಳಷ್ಟು ಕಾಗದ ಬೇಕಾಯಿತು. ಪಟ್ಟಿ ಸಿದ್ಧವಾದಾಗ ಅದರಲ್ಲಿ 17 ಕೋಟಿಗೂ ಹೆಚ್ಚು ಮತದಾರರಿದ್ದರು. ಅವರಲ್ಲಿ ಬಹುಪಾಲು ಜನರಿಗೆ ಓದು ಬರಹ ಬರುತ್ತಿರಲಿಲ್ಲ.

ಈ ಕಾರ್ಯದಲ್ಲಿ ಶ್ರೀ ಸೇನ್ ಅವರಿಗೆ ಎದುರಾದ ಅತ್ಯಂತ ಕಠಿಣ ಪ್ರಶ್ನೆ ಮಹಿಳೆಯರ ಹೆಸರಿಗೆ ಸಂಬಂಧಿಸಿದ್ದು. ಮನೆಮನೆಗೆ ಬಂದ ಗಣತಿದಾರರಿಗೆ ತಮ್ಮ ಹೆಸರನ್ನು ತಿಳಿಸಲು ಹಲವು ಪ್ರದೇಶಗಳ ಮಹಿಳೆಯರು ಒಪ್ಪಲಿಲ್ಲ. ಅಪರಿಚಿತರ ಮುಂದೆ ಹೆಸರು ಹೇಳಬಾರದೆಂಬ ರೂಢಿ ಅಲ್ಲಿತ್ತು. ಹೀಗಾಗಿ ಇಂಥವರ ಪತ್ನಿ, ಇಂಥವರ ತಾಯಿ, ಇಂಥವರ ಮಗಳು ಎಂದಷ್ಟೇ ಪಟ್ಟಿಯಲ್ಲಿ ದಾಖಲಾಯಿತು. ಬಿಹಾರ, ಉತ್ತರ ಪ್ರದೇಶ, ಮಧ್ಯ ಭಾರತ, ರಾಜಸ್ಥಾನ ಮತ್ತು ವಿಂಧ್ಯ ಪ್ರದೇಶಗಳಲ್ಲಿ ಇಂತಹ ನಮೂದುಗಳು ಹೆಚ್ಚಾಗಿದ್ದವು.

ಹೆಸರು ಮತದಾರರ ಗುರುತಿನ ಅವಶ್ಯಕ ಭಾಗವೆಂದು ಆಯೋಗ ಪರಿಗಣಿಸಿತು. ಸಂಬಂಧವನ್ನು ಮಾತ್ರ ತಿಳಿಸುವ ನಮೂದಿನ ಆಧಾರದ ಮೇಲೆ ಮತಗಟ್ಟೆಯಲ್ಲಿ ವ್ಯಕ್ತಿಯನ್ನು ಗುರುತಿಸುವುದು ಸಾಧ್ಯವಿರಲಿಲ್ಲ. ಒಬ್ಬರ ಮತವನ್ನು ಇನ್ನೊಬ್ಬರು ಹಾಕುವುದಕ್ಕೂ ಅದು ದಾರಿ ಮಾಡಿಕೊಡುತ್ತಿತ್ತು. ಅಂತಹ ನಮೂದುಗಳನ್ನು ಸ್ವಂತ ಹೆಸರಿನೊಂದಿಗೆ ಸರಿಪಡಿಸಬೇಕು, ಸರಿಪಡಿಸಲಾಗದಿದ್ದಲ್ಲಿ ತೆಗೆದುಹಾಕಬೇಕು ಎಂದು ಸೂಚನೆ ನೀಡಲಾಯಿತು. ಬಿಹಾರದಲ್ಲಿ ಇದಕ್ಕಾಗಿ ಒಂದು ತಿಂಗಳ ವಿಶೇಷ ಕಾಲಾವಕಾಶವನ್ನು ನೀಡಲಾಯಿತು. ಅಲ್ಲಿ ಅದರ ಸದುಪಯೋಗವಾಗಿ ಅನೇಕ ಮಹಿಳೆಯರ ಹೆಸರುಗಳು ಪಟ್ಟಿಗೆ ಬಂದವು. ಆದರೂ ದೇಶದ ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ ಸುಮಾರು 28 ಲಕ್ಷ ಮಂದಿಯ ನಮೂದುಗಳನ್ನು ಅಂತಿಮವಾಗಿ ಕೈಬಿಡಬೇಕಾಯಿತು.

ಆ 28 ಲಕ್ಷ ಮಹಿಳೆಯರಿಗೆ ಸಂವಿಧಾನದತ್ತವಾದ ಹಕ್ಕು ಇತ್ತು, ವಯಸ್ಸು ಇತ್ತು, ವಾಸಸ್ಥಳವೂ ಇತ್ತು. ಪಟ್ಟಿಯಲ್ಲಿ ಹೆಸರು ಇಲ್ಲದ ಒಂದೇ ಕಾರಣದಿಂದ ಸ್ವತಂತ್ರ ಭಾರತದ ಮೊದಲ ಚುನಾವಣೆಯಲ್ಲಿ ಅವರು ಮತ ನೀಡಲಾಗಲಿಲ್ಲ. ಈ ನಿರ್ಧಾರ ಸಾಕಷ್ಟು ಟೀಕೆಗೆ ಗುರಿಯಾಯಿತು. ಈ ಗದ್ದಲದಿಂದಲೇ ಜನರಲ್ಲಿ ತಿಳಿವಳಿಕೆ ಮೂಡಿ, ಮುಂದಿನ ಚುನಾವಣೆಯ ವೇಳೆಗೆ ಹಳೆಯ ರೂಢಿ ಸಡಿಲಗೊಳ್ಳುವುದೆಂಬುದು ಶ್ರೀ ಸೇನ್ ಅವರ ಅಭಿಪ್ರಾಯವಾಗಿತ್ತು. ಎರಡನೆಯ ಚುನಾವಣೆಯ ಪಟ್ಟಿಗಳಲ್ಲಿ ಈ ವಿಷಯದಲ್ಲಿ ಗಣನೀಯ ಸುಧಾರಣೆ ಕಂಡುಬಂದಿತು. ಆದರೆ ಕೈತಪ್ಪಿದ ಮೊದಲ ಚುನಾವಣೆಯ ಮತ ಆ ಮಹಿಳೆಯರಿಗೆ ಮರಳಿ ದೊರೆಯುವಂತಿರಲಿಲ್ಲ.

ಇಂದಿನ ನೋಂದಣಿ ವಿಧಾನ

ಇಂದಿನ ಅರ್ಜಿ ನಮೂನೆಯಲ್ಲಿ ಅರ್ಜಿದಾರರ ಸ್ವಂತ ಹೆಸರಿಗೆ ಒಂದು ಅಂಕಣವೂ ತಂದೆ, ತಾಯಿ, ಪತಿ ಅಥವಾ ಪತ್ನಿಯಂತಹ ಸಂಬಂಧಿಯ ಹೆಸರಿಗೆ ಬೇರೊಂದು ಅಂಕಣವೂ ಇವೆ. ಎರಡನ್ನೂ ಗುರುತಿನ ದಾಖಲೆಗಳಲ್ಲಿ ಇರುವಂತೆಯೇ ಭರ್ತಿ ಮಾಡಬೇಕು. ಅರ್ಜಿದಾರರು ಗಮನಿಸಬೇಕಾದ ಅಂಶಗಳು ಹೀಗಿವೆ:

1. ಮೊದಲ ಬಾರಿಗೆ ಹೆಸರು ಸೇರ್ಪಡೆಗೆ ನಮೂನೆ-6ರಲ್ಲಿ ಅರ್ಜಿ ಸಲ್ಲಿಸಬೇಕು. ಅರ್ಜಿಯೊಂದಿಗೆ ಇತ್ತೀಚಿನ ಭಾವಚಿತ್ರ, ವಯಸ್ಸಿನ ದಾಖಲೆ ಹಾಗೂ ವಾಸಸ್ಥಳದ ದಾಖಲೆಯನ್ನು ಲಗತ್ತಿಸಬೇಕು.

2. ಅರ್ಜಿದಾರರು ಭಾರತದ ಪ್ರಜೆಯಾಗಿರಬೇಕು ಮತ್ತು ಅರ್ಹತಾ ದಿನಾಂಕದಂದು 18 ವರ್ಷ ತುಂಬಿರಬೇಕು. 1989ರಿಂದ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಲಾಗಿದೆ. 2022ರಿಂದ ಜನವರಿ 1, ಏಪ್ರಿಲ್ 1, ಜುಲೈ 1 ಮತ್ತು ಅಕ್ಟೋಬರ್ 1 ಎಂಬ ನಾಲ್ಕು ಅರ್ಹತಾ ದಿನಾಂಕಗಳಿವೆ. 17 ವರ್ಷ ತುಂಬಿದವರು ಮುಂಚಿತವಾಗಿಯೇ ಅರ್ಜಿ ಸಲ್ಲಿಸಬಹುದು.

3. ಹೆಸರಿನ ಕಾಗುಣಿತ, ವಯಸ್ಸು ಮುಂತಾದ ವಿವರಗಳ ತಿದ್ದುಪಡಿಗೆ, ವಿಳಾಸ ಬದಲಾವಣೆಗೆ ಹಾಗೂ ಬದಲಿ ಗುರುತಿನ ಚೀಟಿಗೆ ನಮೂನೆ-8 ಅನ್ವಯಿಸುತ್ತದೆ. ವಿವಾಹದ ನಂತರ ಬೇರೆ ಊರಿಗೆ ತೆರಳಿದ ಮಹಿಳೆಯರು ಮತ್ತು ಉದ್ಯೋಗ ನಿಮಿತ್ತ ಮನೆ ಬದಲಿಸಿದವರು ಈ ನಮೂನೆಯನ್ನೇ ಬಳಸಬೇಕು.

4. ನಿಧನರಾದವರ ಅಥವಾ ಸ್ಥಳಾಂತರಗೊಂಡವರ ಹೆಸರನ್ನು ತೆಗೆಯಲು ಅಥವಾ ಸೇರ್ಪಡೆಗೆ ಆಕ್ಷೇಪಣೆ ಸಲ್ಲಿಸಲು ನಮೂನೆ-7 ಬಳಸಬೇಕು. ವಿದೇಶದಲ್ಲಿರುವ ಭಾರತೀಯ ಪ್ರಜೆಗಳಿಗೆ ನಮೂನೆ-6ಎ ಇದೆ.

5. ಅರ್ಜಿಗಳನ್ನು ಮತಗಟ್ಟೆ ಮಟ್ಟದ ಅಧಿಕಾರಿಗೆ, ಮತದಾರರ ನೋಂದಣಿ ಅಧಿಕಾರಿಯ ಅಥವಾ ಸಹಾಯಕ ನೋಂದಣಿ ಅಧಿಕಾರಿಯ ಕಚೇರಿಗೆ, ಇಲ್ಲವೇ ಚುನಾವಣಾ ಆಯೋಗದ ಜಾಲತಾಣದ ಮೂಲಕ ಸಲ್ಲಿಸಬಹುದು.

6. ಒಬ್ಬ ವ್ಯಕ್ತಿಯ ಹೆಸರು ಒಂದಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಅಥವಾ ಒಂದೇ ಕ್ಷೇತ್ರದಲ್ಲಿ ಎರಡು ಬಾರಿ ಇರುವಂತಿಲ್ಲ. ಊರಿನಲ್ಲಿ ಸ್ವಂತ ಮನೆ ಇದೆ ಎಂಬ ಕಾರಣಕ್ಕೆ ಮಾತ್ರ ಅಲ್ಲಿಯ ಸಾಮಾನ್ಯ ನಿವಾಸಿ ಎನಿಸುವುದಿಲ್ಲ. ಸುಳ್ಳು ಘೋಷಣೆ ನೀಡುವುದು ಶಿಕ್ಷಾರ್ಹ ಅಪರಾಧವಾಗಿರುತ್ತದೆ.

7. ಅರ್ಜಿ ತಿರಸ್ಕೃತವಾದಲ್ಲಿ 15 ದಿನಗಳೊಳಗೆ ಜಿಲ್ಲಾ ದಂಡಾಧಿಕಾರಿಯವರಿಗೂ, ಅವರ ಆದೇಶದ ವಿರುದ್ಧ 30 ದಿನಗಳೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಯವರಿಗೂ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ಚುನಾವಣೆ ಘೋಷಣೆಯಾದ ಮೇಲೆ ನಾಮಪತ್ರ ಸಲ್ಲಿಕೆಯ ಕೊನೆಯ ದಿನಾಂಕದ ನಂತರ ಆ ಚುನಾವಣೆ ಮುಗಿಯುವವರೆಗೆ ಪಟ್ಟಿಗೆ ಹೆಸರು ಸೇರಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಅರ್ಜಿಯ ಪರಿಶೀಲನೆ ಮತ್ತು ಆಕ್ಷೇಪಣೆಗೂ ಕಾಲಾವಕಾಶ ಬೇಕಾಗುವುದರಿಂದ ಕೊನೆಯ ದಿನದವರೆಗೆ ಕಾಯದಿರುವುದು ಸೂಕ್ತ. ಭಾವಚಿತ್ರವಿರುವ ಗುರುತಿನ ಚೀಟಿ ಕೈಯಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತ ಚಲಾಯಿಸಲಾಗದು. ಆದ್ದರಿಂದ ಪ್ರತಿ ಪರಿಷ್ಕರಣೆಯ ಸಂದರ್ಭದಲ್ಲಿ ಪ್ರಕಟವಾಗುವ ಕರಡು ಪಟ್ಟಿಯಲ್ಲಿ ತಮ್ಮ ಹಾಗೂ ಮನೆಯ ಸದಸ್ಯರ ಹೆಸರುಗಳನ್ನು ನಾಗರಿಕರು ಪರಿಶೀಲಿಸಿಕೊಳ್ಳಬೇಕು.

ಪ್ರಥಮ ಸಾರ್ವತ್ರಿಕ ಚುನಾವಣೆ

ಪ್ರಥಮ ಸಾರ್ವತ್ರಿಕ ಚುನಾವಣೆಯ ಮತದಾನವು 1951ರ ಅಕ್ಟೋಬರ್ 25ರಂದು ಹಿಮಾಚಲ ಪ್ರದೇಶದ ಚಿನಿ ತಾಲ್ಲೂಕಿನಲ್ಲಿ ಆರಂಭವಾಯಿತು. ಹಿಮ ಬಿದ್ದು ದಾರಿಗಳು ಮುಚ್ಚುವ ಮುನ್ನವೇ ಅಲ್ಲಿ ಮತದಾನ ಮುಗಿಸಬೇಕಾಗಿತ್ತು. ದೇಶದ ಇತರೆಡೆಗಳಲ್ಲಿ ಹಂತ ಹಂತವಾಗಿ 1952ರ ಫೆಬ್ರವರಿಯವರೆಗೆ ಮತದಾನ ನಡೆಯಿತು. ಲೋಕಸಭೆಯ 489 ಸ್ಥಾನಗಳೊಂದಿಗೆ ರಾಜ್ಯಗಳ ವಿಧಾನಸಭೆಗಳಿಗೂ ಅದೇ ಸಂದರ್ಭದಲ್ಲಿ ಆಯ್ಕೆ ನಡೆಯಿತು.

ಸುಮಾರು 2,24,000 ಮತಗಟ್ಟೆಗಳನ್ನು ಸ್ಥಾಪಿಸಲಾಯಿತು. 20 ಲಕ್ಷಕ್ಕೂ ಹೆಚ್ಚು ಉಕ್ಕಿನ ಮತಪೆಟ್ಟಿಗೆಗಳನ್ನು ತಯಾರಿಸಲಾಯಿತು; ಇವುಗಳಿಗಾಗಿ 8,200 ಟನ್ ಉಕ್ಕು ಬಳಕೆಯಾಯಿತು. ಗುಡ್ಡಗಾಡು ಹಳ್ಳಿಗಳನ್ನು ತಲುಪಲು ಕೆಲವೆಡೆ ನದಿಗಳಿಗೆ ಸೇತುವೆಗಳನ್ನು ಕಟ್ಟಬೇಕಾಯಿತು. ದ್ವೀಪಗಳಿಗೆ ನೌಕಾಪಡೆಯ ಹಡಗುಗಳಲ್ಲಿ ಮತದಾನ ಸಾಮಗ್ರಿಯನ್ನು ಕಳುಹಿಸಲಾಯಿತು. ಮತದಾನದ ಮಹತ್ವವನ್ನು ತಿಳಿಸುವ ಸಾಕ್ಷ್ಯಚಿತ್ರವನ್ನು 3,000ಕ್ಕೂ ಹೆಚ್ಚು ಚಿತ್ರಮಂದಿರಗಳಲ್ಲಿ ಪ್ರದರ್ಶಿಸಲಾಯಿತು.

ಓದಲು ಬಾರದ ಮತದಾರರು ಯಾರ ಸಹಾಯವೂ ಇಲ್ಲದೆ ಗುಟ್ಟಾಗಿ ಮತ ಹಾಕುವಂತೆ ಮಾಡುವುದು ಮುಖ್ಯ ಉದ್ದೇಶವಾಗಿತ್ತು. ಇದಕ್ಕಾಗಿ ದಿನನಿತ್ಯದ ಬದುಕಿಗೆ ಪರಿಚಿತವಾದ ಚಿತ್ರಗಳನ್ನು ಪಕ್ಷಗಳಿಗೂ ಅಭ್ಯರ್ಥಿಗಳಿಗೂ ಚಿಹ್ನೆಗಳಾಗಿ ನೀಡಲಾಯಿತು. ಪ್ರತಿ ಅಭ್ಯರ್ಥಿಗೂ ಪ್ರತ್ಯೇಕ ಮತಪೆಟ್ಟಿಗೆಯನ್ನಿಟ್ಟು ಅದರ ಮೇಲೆ ಚಿಹ್ನೆಯನ್ನು ಅಂಟಿಸಲಾಯಿತು. ಮತದಾರರು ತಮಗೆ ಬೇಕಾದ ಚಿಹ್ನೆಯ ಪೆಟ್ಟಿಗೆಗೆ ಮತಪತ್ರವನ್ನು ಹಾಕಿದರೆ ಸಾಕಾಗಿತ್ತು. ಒಬ್ಬರೇ ಎರಡು ಬಾರಿ ಮತ ಹಾಕುವುದನ್ನು ತಡೆಯಲು ಭಾರತೀಯ ವಿಜ್ಞಾನಿಗಳು ಸಿದ್ಧಪಡಿಸಿದ ಅಳಿಸಲಾಗದ ಶಾಯಿಯನ್ನು ಬೆರಳಿಗೆ ಹಚ್ಚಲಾಯಿತು. ಆ ಚುನಾವಣೆಯಲ್ಲಿ 3,89,816 ಶೀಷೆ ಶಾಯಿ ಬಳಕೆಯಾಯಿತು. 1962ರ ಚುನಾವಣೆಯಿಂದ ಈ ಶಾಯಿಯನ್ನು ಪೂರೈಸುತ್ತಿರುವುದು ಕರ್ನಾಟಕ ಸರ್ಕಾರದ ಉದ್ಯಮವಾದ ಮೈಸೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ಸ್ಥಾಪಿತವಾದ ಕಾರ್ಖಾನೆಯೇ ಇದರ ಮೂಲ.

ಸೂಡಾನ್ ಚುನಾವಣೆ ಮತ್ತು ರಾಜ್ಯ ಚುನಾವಣೆಗಳು

ಪ್ರಥಮ ಚುನಾವಣೆಯ ಯಶಸ್ಸು ಹೊರದೇಶಗಳ ಗಮನವನ್ನೂ ಸೆಳೆಯಿತು. ಬ್ರಿಟನ್ ಮತ್ತು ಈಜಿಪ್ಟ್‌ಗಳ ಜಂಟಿ ಆಡಳಿತದಲ್ಲಿದ್ದ ಸೂಡಾನ್ ದೇಶವು ಸ್ವಯಮಾಡಳಿತದತ್ತ ಸಾಗಿದಾಗ, 1953ರಲ್ಲಿ ಅಲ್ಲಿಯ ಚುನಾವಣೆ ನಡೆಸಲು ರಚಿತವಾದ ಅಂತರರಾಷ್ಟ್ರೀಯ ಆಯೋಗಕ್ಕೆ ಶ್ರೀ ಸೇನ್ ಅವರು ಅಧ್ಯಕ್ಷರಾದರು. ಅಲ್ಲಿ ಆಯ್ಕೆಯಾದ ಸಂಸತ್ತು 1954ರ ಜನವರಿಯಲ್ಲಿ ಸಭೆ ಸೇರಿತು. 1954ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನು ನೀಡಿ ಗೌರವಿಸಿತು.

ಎರಡು ಸಾರ್ವತ್ರಿಕ ಚುನಾವಣೆಗಳ ನಡುವೆ 1954ರಲ್ಲಿ ಪೆಪ್ಸು ಮತ್ತು ತಿರುವಾಂಕೂರು–ಕೊಚ್ಚಿ ರಾಜ್ಯಗಳಿಗೂ 1955ರಲ್ಲಿ ಆಂಧ್ರ ರಾಜ್ಯಕ್ಕೂ ವಿಧಾನಸಭಾ ಚುನಾವಣೆಗಳನ್ನು ಅವರು ನಡೆಸಿದರು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯ ನಂತರ ಕ್ಷೇತ್ರಗಳ ಗಡಿಗಳು ಬದಲಾದವು. 1951-52ರಲ್ಲಿ ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು ಮತ್ತು ಕೊಡಗು ರಾಜ್ಯಗಳಲ್ಲಿ ಹಂಚಿಹೋಗಿ ಬೇರೆ ಬೇರೆ ವಿಧಾನಸಭೆಗಳಿಗೆ ಮತ ನೀಡಿದ್ದ ಕನ್ನಡಿಗರಲ್ಲಿ ಬಹುಪಾಲು ಜನರು 1957ರಲ್ಲಿ ಏಕೀಕೃತ ಮೈಸೂರು ರಾಜ್ಯದ ಒಂದೇ ವಿಧಾನಸಭೆಗೆ ಮತ ನೀಡಿದರು. 208 ಸ್ಥಾನಗಳ ಆ ವಿಧಾನಸಭೆಯ ಚುನಾವಣೆಯೂ ಶ್ರೀ ಸೇನ್ ಅವರ ಅವಧಿಯಲ್ಲಿಯೇ ನಡೆಯಿತು. 1973ರಲ್ಲಿ ಕರ್ನಾಟಕವೆಂದು ಹೆಸರಾದ ಈ ರಾಜ್ಯದ ವಿಧಾನಸಭೆಯಲ್ಲಿ ಇಂದು 224 ಚುನಾಯಿತ ಸ್ಥಾನಗಳಿವೆ.

1957ರ ಚುನಾವಣೆಯ ಪಟ್ಟಿಯಲ್ಲಿ 19 ಕೋಟಿಗೂ ಹೆಚ್ಚು ಮತದಾರರಿದ್ದರು. ಮೊದಲ ಚುನಾವಣೆಯ ಮತಪೆಟ್ಟಿಗೆಗಳನ್ನು ಜೋಪಾನವಾಗಿರಿಸಿ ಮತ್ತೆ ಬಳಸಿದ್ದರಿಂದ ವೆಚ್ಚ ಗಣನೀಯವಾಗಿ ಇಳಿಯಿತು.

ಇಂದಿನ ಮತದಾನ ವಿಧಾನ

ಪ್ರತ್ಯೇಕ ಪೆಟ್ಟಿಗೆಗಳ ಪದ್ಧತಿ 1960ರ ದಶಕದ ಆರಂಭದಲ್ಲಿ ಕೊನೆಗೊಂಡು ಚಿಹ್ನೆಗಳನ್ನು ಮುದ್ರಿಸಿದ ಮತಪತ್ರ ಬಂದಿತು. ಈಗ ವಿದ್ಯುನ್ಮಾನ ಮತಯಂತ್ರ ಬಳಕೆಯಲ್ಲಿದೆ. ಚಿಹ್ನೆ, ಶಾಯಿ ಮತ್ತು ಗೌಪ್ಯತೆ ಮಾತ್ರ ಶ್ರೀ ಸೇನ್ ಅವರ ಕಾಲದಿಂದ ಹಾಗೆಯೇ ಮುಂದುವರಿದಿವೆ.

ಮತಗಟ್ಟೆಯಲ್ಲಿ ಮೊದಲು ಪಟ್ಟಿಯಲ್ಲಿನ ಹೆಸರು ಮತ್ತು ಗುರುತಿನ ದಾಖಲೆಯನ್ನು ಪರಿಶೀಲಿಸಲಾಗುತ್ತದೆ. ಮತದಾರರ ಭಾವಚಿತ್ರವಿರುವ ಗುರುತಿನ ಚೀಟಿ ಇಲ್ಲದವರು ಆಯೋಗವು ಆಯಾ ಚುನಾವಣೆಗೆ ಸೂಚಿಸುವ ಆಧಾರ್, ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಪ್ಯಾನ್ ಕಾರ್ಡ್ ಮುಂತಾದ ಪರ್ಯಾಯ ದಾಖಲೆಗಳಲ್ಲಿ ಒಂದನ್ನು ತೋರಿಸಬಹುದು. ಮನೆಗೆ ತಲುಪಿಸುವ ಮತದಾರರ ಮಾಹಿತಿ ಚೀಟಿಯು ಗುರುತಿನ ದಾಖಲೆಯಲ್ಲ. ನಂತರ ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿ ದಾಖಲೆ ಪುಸ್ತಕದಲ್ಲಿ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಪಡೆಯಲಾಗುತ್ತದೆ. ಮತಯಂತ್ರದಲ್ಲಿ ಅಭ್ಯರ್ಥಿಯ ಹೆಸರು ಮತ್ತು ಚಿಹ್ನೆಯ ಎದುರಿನ ನೀಲಿ ಗುಂಡಿಯನ್ನು ಒತ್ತಿದಾಗ ಕೆಂಪು ದೀಪ ಬೆಳಗುತ್ತದೆ. ಪಕ್ಕದ ಮತ ಖಾತರಿ ಯಂತ್ರದ ಗಾಜಿನ ಕಿಂಡಿಯಲ್ಲಿ 7 ಸೆಕೆಂಡುಗಳ ಕಾಲ ಮುದ್ರಿತ ಚೀಟಿ ಕಾಣಿಸುತ್ತದೆ. ಯಾವ ಅಭ್ಯರ್ಥಿಗೂ ಮತ ನೀಡಲು ಇಚ್ಛಿಸದವರಿಗೆ 2013ರಿಂದ ನೋಟಾ ಗುಂಡಿ ಲಭ್ಯವಿದೆ.

ದೃಷ್ಟಿದೋಷ ಅಥವಾ ಅಶಕ್ತತೆಯಿಂದ ತಾವೇ ಗುಂಡಿ ಒತ್ತಲಾಗದವರು 18 ವರ್ಷ ಮೇಲ್ಪಟ್ಟ ಸಂಗಾತಿಯೊಬ್ಬರ ನೆರವು ಪಡೆಯಬಹುದು. ತಮ್ಮ ಹೆಸರಿನಲ್ಲಿ ಬೇರೆ ಯಾರೋ ಈಗಾಗಲೇ ಮತ ಹಾಕಿರುವುದು ಕಂಡುಬಂದರೆ, ಗುರುತನ್ನು ದೃಢಪಡಿಸಿದ ಮತದಾರರಿಗೆ ಮತಗಟ್ಟೆಯ ಅಧ್ಯಕ್ಷಾಧಿಕಾರಿಯು ಪ್ರತ್ಯೇಕ ಮತಪತ್ರವನ್ನು ನೀಡಬೇಕು. ಮತದಾನದ ಅವಧಿ ಮುಗಿಯುವ ವೇಳೆಗೆ ಸರದಿಯಲ್ಲಿ ನಿಂತಿರುವ ಎಲ್ಲರಿಗೂ ಮತ ಹಾಕುವ ಅವಕಾಶವಿರುತ್ತದೆ.

ಕೊನೆಯ ವರ್ಷಗಳು

ಶ್ರೀ ಸೇನ್ ಅವರು 1958ರ ಡಿಸೆಂಬರ್ 19ರವರೆಗೆ ಮುಖ್ಯ ಚುನಾವಣಾ ಆಯುಕ್ತರಾಗಿದ್ದರು. 1960ರಲ್ಲಿ ಸ್ಥಾಪನೆಯಾದ ಬರ್ದ್ವಾನ್ ವಿಶ್ವವಿದ್ಯಾನಿಲಯದ ಪ್ರಥಮ ಉಪಕುಲಪತಿಯಾಗಿ ಸೇವೆ ಸಲ್ಲಿಸಿದರು. 1960ರ ದಶಕದ ಆರಂಭದಲ್ಲಿಯೇ ನಿಧನರಾದರು. ಅವರು ಆತ್ಮಕಥೆಯನ್ನು ಬರೆಯಲಿಲ್ಲ. ಮೊದಲ ಎರಡು ಚುನಾವಣೆಗಳ ಬಗ್ಗೆ ಆಯೋಗವು ಪ್ರಕಟಿಸಿದ ವರದಿಗಳೇ ಅವರ ಕಾರ್ಯದ ಮುಖ್ಯ ದಾಖಲೆಗಳಾಗಿ ಉಳಿದಿವೆ. 28 ಲಕ್ಷ ಮಹಿಳೆಯರ ಹೆಸರುಗಳು ಪಟ್ಟಿಯಿಂದ ಹೊರಗುಳಿದ ಸಂಗತಿಯನ್ನೂ ಆ ವರದಿಯಲ್ಲಿ ಮರೆಮಾಚದೆ ದಾಖಲಿಸಲಾಗಿದೆ.

ಸಾರ್ವಜನಿಕರ ಗಮನಕ್ಕೆ

ವಿಧಾನಸಭೆ ಮತ್ತು ಲೋಕಸಭೆಯ ಚುನಾವಣೆಗಳನ್ನು ಭಾರತದ ಚುನಾವಣಾ ಆಯೋಗವು ನಡೆಸುತ್ತದೆ. ಗ್ರಾಮ ಪಂಚಾಯಿತಿ ಹಾಗೂ ನಗರ ಸ್ಥಳೀಯ ಸಂಸ್ಥೆಗಳ ಚುನಾವಣೆಗಳು ರಾಜ್ಯ ಚುನಾವಣಾ ಆಯೋಗದ ವ್ಯಾಪ್ತಿಗೆ ಬರುತ್ತವೆ. ಪಟ್ಟಿಯಲ್ಲಿ ಹೆಸರು ಇರುವ ಬಗ್ಗೆ ಹಾಗೂ ನೋಂದಣಿಯ ಬಗ್ಗೆ ಮಾಹಿತಿ ಬೇಕಾದವರು ಮತದಾರರ ಸಹಾಯವಾಣಿ ಸಂಖ್ಯೆ 1950ಕ್ಕೆ ಕರೆ ಮಾಡಬಹುದು ಅಥವಾ ತಮ್ಮ ಮತಗಟ್ಟೆ ಮಟ್ಟದ ಅಧಿಕಾರಿಯನ್ನು ಸಂಪರ್ಕಿಸಬಹುದು. ಮನೆಯ ಪ್ರತಿಯೊಬ್ಬ ಅರ್ಹ ಸದಸ್ಯರ ಹೆಸರೂ ಪಟ್ಟಿಯಲ್ಲಿ ಸರಿಯಾಗಿ ದಾಖಲಾಗಿದೆಯೇ ಎಂಬುದನ್ನು ಚುನಾವಣೆ ಘೋಷಣೆಯಾಗುವ ಮುನ್ನವೇ ಖಚಿತಪಡಿಸಿಕೊಳ್ಳಲು ಕೋರಲಾಗಿದೆ.